ಅಟ್ಟದ ಏಣಿಗೂ ನಕ್ಷೆಯಲ್ಲಿ ಸ್ಥಳವಿರಲಿ

ಅಟ್ಟವಿಲ್ಲದ ಮನೆ ನಮ್ಮಲ್ಲಿ ವಿರಳ. ಹಳೆಯ ಯಲಹಂಕದ ಹೆಂಚಿನ ಮನೆಗಳಲ್ಲಿ ಜಂತೆಗಳ ಮೇಲೆ ಹಲಗೆ ಹಾಸಿ ಅಟ್ಟ ಮಾಡಿರುವುದುಂಟು. ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರಗಳ ತಾರಸಿ ಮನೆಗಳಲ್ಲಿ ಬಾಗಿಲಿನ ಮೇಲ್ಮಟ್ಟದಲ್ಲಿ ಗೋಡೆಯಿಂದ ಚಾಚಿದ ಕಾಂಕ್ರೀಟಿನ ಹಲಗೆಯೇ ಅಟ್ಟ. ಈಚೆಗೆ ತಾರಸಿಯ ಮೇಲೆ ಇಳಿಜಾರು ಹೆಂಚಿನ ಮಾಡು ಹೊದಿಸಿ, ನಡುವಣ ಜಾಗವನ್ನು ಅಟ್ಟವಾಗಿ ಬಳಸುವವರೂ ಇದ್ದಾರೆ. ದಸರಾ ಗೊಂಬೆಗಳ ಪೆಟ್ಟಿಗೆ, ತಾಮ್ರದ ಹಂಡೆ, ಅಜ್ಜನ ಪುಸ್ತಕಗಳು ಇವೆಲ್ಲಕ್ಕೂ ಅಟ್ಟವೇ ಆಶ್ರಯ. ಆದರೆ ಅಲ್ಲಿಗೆ ಏರುವ ಬಗೆ ಯಾವುದು? ಕುರ್ಚಿಯ ಮೇಲೊಂದು ಸ್ಟೂಲು, ಅದನ್ನು ಹಿಡಿದುಕೊಳ್ಳಲು ಮನೆಯ ಹುಡುಗ! ಕಿಟಕಿ ಕಿಟಕಿಗೂ ಅಳತೆ ಬರೆದ ನಕ್ಷೆಯಲ್ಲಿ ಅಟ್ಟದ ದಾರಿಗೆ ಒಂದು ಗೆರೆಯೂ ಇರುವುದಿಲ್ಲ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಗೋಡೆಗೆ ಒರಗಿಸಿದ ಏಣಿಯನ್ನೇ ಮೊದಲು ವಿಚಾರಿಸೋಣ. ಏಣಿಯ ಬುಡ ಹೊರಕ್ಕೆ ಜಾರದಂತೆ ತಡೆಯುವುದು ನೆಲದ ಘರ್ಷಣೆ. ಗೋಡೆ ನುಣುಪೆಂದೂ ಏಣಿಯ ತೂಕ ಅಲ್ಪವೆಂದೂ ಭಾವಿಸಿದರೆ ಲೆಕ್ಕ ಬಹು ಸರಳ. ಏರಿದವನು ತುದಿಯಲ್ಲಿರುವಾಗ ಬೇಕಾಗುವ ಘರ್ಷಣ ಗುಣಾಂಕವು, ಗೋಡೆಯಿಂದ ಬುಡಕ್ಕಿರುವ ದೂರವನ್ನು ಏಣಿಯ ಎತ್ತರದಿಂದ ಭಾಗಿಸಿದಷ್ಟು. ಏಣಿ 8 ಅಡಿ ಎತ್ತರದಲ್ಲಿ ಒರಗಿದ್ದು, ಬುಡ 2 ಅಡಿ ದೂರವಿದ್ದರೆ ಕಾಲು ಭಾಗ ಸಾಕು. 4 ಅಡಿ ದೂರವಿದ್ದರೆ ಅರ್ಧ ಬೇಕು. ಒದ್ದೆಯಾದ ನುಣುಪು ನೆಲ ಅಷ್ಟನ್ನು ಕೊಡಲಾರದು. ಇನ್ನೊಂದು ಸಂಗತಿಯುಂಟು: ಅವನು ಏಣಿಯ ನಡುವೆ ಇರುವಾಗ ಬೇಕಾಗುವ ಘರ್ಷಣೆ ಇದರ ಅರ್ಧ ಮಾತ್ರ. ಆದುದರಿಂದಲೇ ಕೆಳಗಿನ ಮೆಟ್ಟಿಲುಗಳಲ್ಲಿ ಭದ್ರವಾಗಿದ್ದ ಏಣಿ ಮೇಲೇರಿದ ಮೇಲೆ ಜಾರುತ್ತದೆ. ಬೀಳುವವನು ಎತ್ತರದಿಂದಲೇ ಬೀಳುತ್ತಾನೆ.

ಈ ತೊಂದರೆಯನ್ನು ನೀಗುವ ಒಂದು ಸಾಧನವೆಂದರೆ ಚಾವಣಿಯಿಂದ ಕೆಳಕ್ಕೆಳೆಯುವ ಮಡಿಕೆಯ ಏಣಿ. ಮರದ ಚೌಕಟ್ಟಿನ ಮನೆಗಳು ಹೆಚ್ಚಾಗಿರುವ ಅಮೆರಿಕದಲ್ಲಿ ಇದು ಸಾಮಾನ್ಯ. ಚಾವಣಿಯಲ್ಲಿ ಸುಮಾರು ಎರಡಡಿ ಅಗಲ, ನಾಲ್ಕೂವರೆ ಅಡಿ ಉದ್ದದ ಕಿಂಡಿ, ಅದಕ್ಕೊಂದು ಮುಚ್ಚಳ, ಮುಚ್ಚಳದ ಬೆನ್ನಿಗೆ ಮೂರು ಮಡಿಕೆಯ ಏಣಿ. ಏಣಿಯ ಮೇಲ್ತುದಿ ಕೀಲಿನಿಂದ ಚೌಕಟ್ಟಿಗೆ ಬಂಧಿತವಾಗಿರುವುದರಿಂದ ಬುಡ ಜಾರಿಹೋಗಲಾರದು. ಮುಚ್ಚಳವು ಅಡ್ಡಲಾಗಿ ಮುಚ್ಚಿರುವಾಗ ಅದನ್ನು ಕೆಳಕ್ಕೆ ತಿರುಗಿಸುವ ಬಲದ ಪರಿಣಾಮ ಅತ್ಯಧಿಕ. ಕೆಳಕ್ಕೆ ಇಳಿದಂತೆ ಅದು ಕುಗ್ಗುತ್ತದೆ. ಎರಡು ಬದಿಯ ಸ್ಪ್ರಿಂಗುಗಳು ಈ ಭಾರವನ್ನು ಬಹುಮಟ್ಟಿಗೆ ತೂಗಿಸುವುದರಿಂದ ಮನೆಯಾಕೆಯೂ ಒಂದು ಕೈಯಿಂದ ಅದನ್ನು ಮೇಲಕ್ಕೆ ತಳ್ಳಬಹುದು. ಬಿಗಿದ ಸ್ಪ್ರಿಂಗಿನಲ್ಲಿ ಶಕ್ತಿ ಅಡಗಿರುತ್ತದೆ. ತಿಳಿಯದವರು ಅದನ್ನು ಕಳಚಬಾರದು.

ಕೂಡಿಸುವಾಗಲೂ ಎಚ್ಚರ ಬೇಕು. ಕಾಲುಗಳನ್ನು ನೆಲದ ಮಟ್ಟಕ್ಕೆ ಸರಿಯಾಗಿ ಕತ್ತರಿಸಬೇಕು. ಉದ್ದವಾದರೆ ಮಡಿಕೆಯ ಕೀಲುಗಳು ಬಾಗುತ್ತವೆ. ಗಿಡ್ಡವಾದರೆ ಏರುವವನ ಭಾರವೆಲ್ಲ ಚೌಕಟ್ಟಿನ ಮೊಳೆಗಳಿಗೆ ಜೋತುಬೀಳುತ್ತದೆ. ಏಣಿಯ ಮೇಲೆ ಬರೆದಿರುವ ಭಾರಮಿತಿಯು ಮನುಷ್ಯನ ತೂಕಕ್ಕೆ ಅವನು ಹೊತ್ತ ಪೆಟ್ಟಿಗೆಯ ತೂಕವನ್ನೂ ಕೂಡಿಸಿದ್ದೆಂದು ತಿಳಿಯತಕ್ಕದ್ದು.

ಆದರೆ ಕಿಂಡಿಯನ್ನು ಎಲ್ಲಿ ತೆರೆಯುವುದು? ಹೆಂಚಿನ ಮನೆಯಲ್ಲಿ ಎರಡು ಜಂತೆಗಳ ನಡುವೆ ತೆರೆಯಬಹುದು. ಒಂದು ಜಂತೆಯನ್ನು ಕತ್ತರಿಸಲೇಬೇಕಾದರೆ ಅದರ ತುದಿಗಳಿಗೆ ಅಡ್ಡ ತೊಲೆ ಕೊಟ್ಟು ಭಾರವನ್ನು ಪಕ್ಕದ ಜಂತೆಗಳಿಗೆ ದಾಟಿಸಬೇಕು. ಗೆದ್ದಲು ಹಿಡಿದ ಮರವಾದರೆ ಈ ಯೋಚನೆಯನ್ನೇ ಬಿಡುವುದು ಲೇಸು. ತಾರಸಿಯ ಮಾತು ಬೇರೆ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಎಳೆತವನ್ನು ಹೊರುವುದು ಒಳಗಿನ ಉಕ್ಕಿನ ಸರಳುಗಳು. ಆರಂಗುಲಕ್ಕೊಂದು ಸರಳು ಇರುವ ತಾರಸಿಯಲ್ಲಿ ಮೇಲೆ ಹೇಳಿದ ಅಳತೆಯ ಕಿಂಡಿಯನ್ನು ಕೊರೆದರೆ ಒಂದು ದಿಕ್ಕಿನಲ್ಲಿ ಸುಮಾರು ನಾಲ್ಕು, ಇನ್ನೊಂದು ದಿಕ್ಕಿನಲ್ಲಿ ಸುಮಾರು ಒಂಬತ್ತು ಸರಳುಗಳು ತುಂಡಾಗುತ್ತವೆ. ಸಿದ್ಧವಾದ ತಾರಸಿಗೆ ಯಂತ್ರ ಹಿಡಿದು, ‘ಒಂದು ದಿನದ ಕೆಲಸ’ ಎನ್ನುವ ಮೇಸ್ತ್ರಿಯ ಮಾತನ್ನು ನಂಬುವುದು ಮನೆಯ ಬೆನ್ನೆಲುಬನ್ನು ಕತ್ತರಿಸಲು ಒಪ್ಪಿದಂತೆ.

ಅದೇ ಕಿಂಡಿಯನ್ನು ಮೋಲ್ಡ್ ಹಾಕುವ ಮೊದಲೇ ನಿಶ್ಚಯಿಸಿದರೆ ಕಷ್ಟವೇನೂ ಇಲ್ಲ. ಸೆಂಟರಿಂಗಿನ ಮೇಲೆ ಮರದ ಚೌಕವನ್ನಿಟ್ಟು, ಅದರ ಉದ್ದವನ್ನು ಮುಖ್ಯ ಸರಳುಗಳ ದಿಕ್ಕಿಗೆ ತಿರುಗಿಸಿದರೆ ಕಡಿಮೆ ಸರಳುಗಳು ತಡೆಯಲ್ಪಡುತ್ತವೆ. ತಡೆಯಲ್ಪಟ್ಟಷ್ಟು ಉಕ್ಕನ್ನು ಕಿಂಡಿಯ ಅಂಚುಗಳಲ್ಲಿ ಕೊಟ್ಟು, ಬಿರುಕು ಹುಟ್ಟುವ ಮೂಲೆಗಳಿಗೆ ಓರೆಯಾಗಿ ಸರಳು ಹಾಕುತ್ತಾರೆ. ಇದನ್ನು ನಿರ್ಣಯಿಸಬೇಕಾದವನು ಎಂಜಿನಿಯರು.

‘ಮೂವತ್ತು ನಲವತ್ತರ ನಿವೇಶನದಲ್ಲಿ ಇದಕ್ಕೆಲ್ಲ ಸ್ಥಳವೆಲ್ಲಿ?’ ಎಂದು ಕೆಲವರು ಕೇಳಬಹುದು. 10 ಅಡಿ ಎತ್ತರಕ್ಕೆ ಏಳಂಗುಲದ ಮೆಟ್ಟಿಲು ಕಟ್ಟಿದರೆ ಹದಿನೇಳು ಏರುಗಳು ಬೇಕು. ಹತ್ತಂಗುಲ ಅಗಲದ ಹದಿನಾರು ಹಾಸುಗಳು 13 ಅಡಿಗೂ ಮೀರಿ ಚಾಚುತ್ತವೆ. ಮೂರಡಿ ಅಗಲವೆಂದರೂ 40 ಚದರಡಿ ಶಾಶ್ವತವಾಗಿ ಹೋಯಿತು. ಮಡಿಕೆಯ ಏಣಿಗೆ ಬೇಕಾದದ್ದು ಇಳಿಸಿದ ಹೊತ್ತಿನಲ್ಲಿ ಮಾತ್ರ ನಡುಮನೆಯ ಸ್ವಲ್ಪ ನೆಲ. ಹಾಗೆಂದು ಎಲ್ಲರಿಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಬಾಗಿಲ ಮೇಲಿನ ಎರಡಡಿ ಅಗಲದ ಅಟ್ಟಕ್ಕೆ, ಕಾಲುಗಳಿಗೆ ರಬ್ಬರಿನ ಹಿಡಿತವಿದ್ದು ತಾನೇ ನಿಲ್ಲುವ ಒಂದು ಒಳ್ಳೆಯ ಏಣಿ ಸಾಕು. ಆದರೆ ಅದಕ್ಕೂ ಮನೆಯಲ್ಲಿ ಒಂದು ಮೂಲೆಯನ್ನು ಮೊದಲೇ ಗೊತ್ತುಮಾಡಬೇಕು. ಕೈಗೆ ಸಿಗದ ಏಣಿಯ ಕೆಲಸವನ್ನು ಸ್ಟೂಲು ಮಾಡತೊಡಗುತ್ತದೆ.

ವಿದ್ಯಾರ್ಥಿಗಳು ಇಂದು ಸಂಜೆಯೇ ಒಂದು ಟೇಪು ಹಿಡಿದು ತಮ್ಮ ಮನೆಯ ಏಣಿಯ ಎತ್ತರವನ್ನೂ ಬುಡದ ದೂರವನ್ನೂ ಅಳೆದು ಭಾಗಿಸಿ ನೋಡಲಿ. ಉತ್ತರ ಕಾಲು ಭಾಗಕ್ಕಿಂತ ಬಹಳ ಹೆಚ್ಚಾಗಿದ್ದರೆ ತಂದೆತಾಯಿಗಳಿಗೆ ತಿಳಿಸಲಿ. ಮನೆ ಕಟ್ಟುವ ಮಾತು ನಡೆಯುತ್ತಿದ್ದರೆ, ನಕ್ಷೆಯ ಮೇಲೆ ಬೆರಳಿಟ್ಟು, ‘ಅಟ್ಟಕ್ಕೆ ದಾರಿ ಯಾವುದು?’ ಎಂದು ಕೇಳಲಿ. ತಾರಸಿ ಗಟ್ಟಿಯಾದ ಮೇಲೆ ಆ ಪ್ರಶ್ನೆ ಕೇಳಿ ಫಲವಿಲ್ಲ.