ಒಲೆಗಲ್ಲು ಹೊರದವರು

ಬೆಳಗಾವಿ ಜಿಲ್ಲೆಯ ನಮ್ಮ ಅಂಕಲಗಿಯಿಂದ ಕೆಲಸದ ಮೇಲೆ ಬೆಂಗಳೂರಿಗೆ ಹೊರಟವರ ಲೆಕ್ಕವೇ ಬೇರೆ. ಬೆಂಗಳೂರಿನಲ್ಲೇ ಇರುವವರು ಕಚೇರಿಗೆ ಹೋದಾಗ ಒಂದು ಕಾಗದ ಮನೆಯಲ್ಲಿ ಉಳಿದಿದ್ದರೆ ಮಧ್ಯಾಹ್ನದೊಳಗೆ ತಂದು ಕೊಟ್ಟಾರು. ನಮ್ಮವರಿಗೆ ಅದೇ ಕಾಗದಕ್ಕಾಗಿ ಮತ್ತೆ ಎರಡು ರಾತ್ರಿಯ ಪ್ರಯಾಣ, ಮತ್ತೊಂದು ಹಗಲಿನ ದುಡಿಮೆ, ಮತ್ತೆ ಅಷ್ಟೇ ಖರ್ಚು. ಘಟಪ್ರಭಾದಲ್ಲೋ ಬೆಳಗಾವಿಯಲ್ಲೋ ಸಂಜೆ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವುದು ಬೆಂಗಳೂರಿನಲ್ಲಿ. ರಾತ್ರಿ ತಿರುಗಿ ಅದೇ ಗಾಡಿ. ನಡುವಿನ ಹಗಲಿನಲ್ಲಿ ಸ್ನಾನ, ಊಟ, ಆಟೋ, ಸಾಲು ಎಲ್ಲ ಕಳೆದರೆ ಸಾಹೇಬರ ಮೇಜಿನ ಮುಂದೆ ನಿಲ್ಲಲು ಸಿಗುವುದು ಚೂರು ಹೊತ್ತು. 2012ರಲ್ಲಿ ಬೆಳಗಾವಿಗೆ ಸುವರ್ಣ ವಿಧಾನಸೌಧ ಬಂತು. ಆದರೂ ಸೊಸೈಟಿಯ ಸೆಕ್ರೆಟರಿಗೆ, ಶಾಲೆಯ ಫೈಲು ಹಿಡಿದ ಹೆಡ್‌ಮಾಸ್ತರರಿಗೆ, ಸಣ್ಣ ಕಾರ್ಖಾನೆ ಇಟ್ಟವರಿಗೆ ಬೆಂಗಳೂರಿನ ದಾರಿ ತಪ್ಪಿಲ್ಲ. ಆದ್ದರಿಂದ ಊರಿಗೆ ಹೊರಡುವ ಮುನ್ನ ಚೀಲ ತುಂಬುವುದನ್ನು ನಾನು ಸಣ್ಣ ಕೆಲಸವೆಂದು ಎಣಿಸುವುದಿಲ್ಲ. ದೂರದ ಊರಿನವರ ದುಡಿಮೆಗೆ ನಾವೇ ಕೊಡಬೇಕಾದ ಮರ್ಯಾದೆ ಅದು.

ಚೀಲ ತುಂಬುವ ರೀತಿ ಮಾತ್ರ ಹೆಚ್ಚಿನ ಮನೆಗಳಲ್ಲಿ ತಿರುಗುಮುರುಗು. ಗಾಡಿಗೆ ಎರಡು ತಾಸು ಇರುವಾಗ ಕಪಾಟಿನ ಬಾಗಿಲು ತೆರೆಯುತ್ತದೆ. ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಾಳೆ: ‘ಅಲ್ಲಿ ಥಂಡಿ ಇದ್ದರ ಏನ್ ಮಾಡ್ತಿ? ಮಳಿ ಬಂದರ? ರಾತ್ರಿ ಹಸಿವಾದರ?’ ಕೇಳುವುದೆಲ್ಲ ಅಕ್ಕರೆಯಿಂದಲೇ. ಆದರೆ ಪ್ರತಿ ಪ್ರಶ್ನೆಗೂ ಚೀಲದೊಳಗೆ ಒಂದೊಂದು ವಸ್ತು ಇಳಿಯುತ್ತದೆ. ಸ್ವೆಟರ್, ಕೊಡೆ, ಎರಡನೆಯ ಟವೆಲ್, ಇಡೀ ಡಬ್ಬಿ ಶೇಂಗಾ ಚಟ್ನಿ. ಯಾವ ಕೆಲಸಕ್ಕೆ ಹೊರಟದ್ದೋ ಆ ಕೆಲಸದ ಕಾಗದಕ್ಕೆ ಕಡೆಗೆ ಸಿಗುವುದು ಚೀಲದ ಬದಿಯ ಜೇಬು.

ಚೀಲ ಕಟ್ಟುವುದನ್ನು ಕಲಿಯಬೇಕೆಂದರೆ ನಮ್ಮ ಸೀಮೆಯಲ್ಲೇ ಗುರುಗಳಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳಲ್ಲಿ ಕುರಿ ಹಿಂಡಿನ ಹಿಂದೆ ನಡೆಯುವ ಕುದುರೆಯನ್ನು ನೋಡದವರಿಲ್ಲ. ಅದರ ಬೆನ್ನ ಮೇಲೆ ಒಂದು ಮನೆಯೇ ಇರುತ್ತದೆ. ಹಿಟ್ಟಿನ ಚೀಲ, ಹಂಚು, ನಾಲ್ಕು ಪಾತ್ರೆ, ತಾಡಪತ್ರಿ, ಕುರಿ ಕೂಡುವ ಬಲೆ, ನಡೆಯಲಾರದ ಎಳೆಯ ಮರಿ, ಎಲ್ಲದರ ಮೇಲೆ ಕಾಲು ಕಟ್ಟಿದ ಕೋಳಿ. ಸುತ್ತಾಡಲು ಹೊರಟವರಲ್ಲ ಈ ಕುರಿಗಾರರು, ಹೊರಟದ್ದು ಕಸುಬಿಗೆ. ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು ಇಲ್ಲವೇ ಹಣ. ಕುರಿಗೆ ಕೆಸರು ಆಗದು, ಕಾಲು ಕೊಳೆಯುತ್ತದೆ. ಹಾಗಾಗಿ ಮಳೆ ಎಲ್ಲಿ ಹೆಚ್ಚು, ಸುಗ್ಗಿ ಎಲ್ಲಿ ಮುಗಿದಿದೆ, ನೀರು ಎಲ್ಲಿದೆ ಎಂಬುದನ್ನು ತಿಳಿದುಕೊಂಡೇ ಹಿಂಡು ಎಬ್ಬಿಸಬೇಕು. ಹಿಂಡಿಗಿಂತ ಮೊದಲು ಒಬ್ಬರು ಮುಂದೆ ಹೋಗಿ ಹೊಲ ನೋಡಿ, ಮಾಲೀಕರ ಜೊತೆ ಮಾತು ಮುಗಿಸಿ ಬರುತ್ತಾರೆ. ಈಗ ಅರ್ಧ ಮಾತು ಮೊಬೈಲಿನಲ್ಲೇ ಮುಗಿಯುತ್ತದೆ, ಆದರೆ ಕ್ರಮ ಅದೇ. ಮಾತು ಮೊದಲು, ಹೇರು ಆಮೇಲೆ.

ಆ ಹೇರನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ಅಡುಗೆ ಮಾಡಲು ಹಂಚು ಬೇಕು, ಹೊರುತ್ತಾರೆ. ಒಲೆಯ ಮೂರು ಕಲ್ಲು ಬೇಕು, ಹೊರುವುದಿಲ್ಲ. ಕಲ್ಲು ಎಲ್ಲ ಹೊಲದಲ್ಲೂ ಸಿಗುತ್ತದೆ, ಉರುವಲೂ ಅಷ್ಟೇ. ಬಲೆ ಭಾರ, ಆದರೂ ಅದನ್ನು ಬಿಡುವಂತಿಲ್ಲ. ರಾತ್ರಿ ತೋಳ ಬಂದರೆ ಆ ಊರಿನಲ್ಲಿ ಯಾರೂ ಬಲೆ ಕೊಡುವುದಿಲ್ಲ. ಕಡಿಮೆ ಸಾಮಾನು ಒಯ್ಯಿರಿ ಎಂದು ನಗರದ ಪತ್ರಿಕೆಗಳು ಬುದ್ಧಿ ಹೇಳುತ್ತವೆ. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕುರಿಗಾರರ ಹೇರು ಕಡಿಮೆಯದ್ದಲ್ಲ. ಹೋಗುವ ಜಾಗ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ಅರಿತು ಕಟ್ಟಿದ ಹೇರು ಅದು.

ಅವರ ಹೆಗಲ ಮೇಲಿನ ಕಂಬಳಿಯ ವಿಷಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ದಖನಿ ಕುರಿಯ ಒರಟು ಕರಿ ಉಣ್ಣೆಯನ್ನು ನೂತು, ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿರುಸು ಮಾಡಿದ ಬಟ್ಟೆ ಅದು. ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ಕಾಳು ಸಿಕ್ಕರೆ ಗಂಟು. ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ತೇವ ಹೀರಿದರೂ ಉಣ್ಣೆ ಮೈಗೆ ಒದ್ದೆಯೆನಿಸುವುದಿಲ್ಲ. ನಾಲ್ಕು ಕೆಲಸಕ್ಕೆ ನಾಲ್ಕು ವಸ್ತು ತುಂಬುವವರು ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ನಮ್ಮ ಹೇರು ಬೆಳೆದದ್ದಕ್ಕೆ ಒಂದು ಕಾರಣ ಗಾಲಿ. ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದವರಿಗೆ 1972ರಲ್ಲಿ ಗಾಲಿ ಸೂಟ್‌ಕೇಸಿನ ಪೇಟೆಂಟ್ ಸಿಕ್ಕಿತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಅದನ್ನು ನೆಟ್ಟಗೆ ನಿಲ್ಲಿಸಿ ಉದ್ದನೆಯ ಹಿಡಿಕೆ ಕೊಟ್ಟರು. ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಅದು ವರವೇ ಸರಿ. ಆದರೆ ಭಾರ ಹೆಗಲಿಗೆ ತಾಗುವುದು ನಿಂತ ಮೇಲೆ ಸಾಕೆನ್ನುವವರೂ ಇಲ್ಲವಾದರು. ಸ್ಲೀಪರ್ ಬೋಗಿಯಲ್ಲಿ ಒಬ್ಬ ಪ್ರಯಾಣಿಕನಿಗೆ 40 ಕಿಲೋ ಸಾಮಾನು ಬಿಟ್ಟಿಯಾಗಿ ಒಯ್ಯಲು ರೈಲ್ವೆ ಬಿಡುತ್ತದೆ. ಒಂದು ದಿನದ ಕೆಲಸಕ್ಕೆ ಅಷ್ಟರ ಹತ್ತನೆಯ ಒಂದು ಭಾಗ ಸಾಕು. ಅದೂ ಬೆನ್ನಿಗೆ ಹಾಕುವ ಚೀಲವಾದರೆ ಒಳ್ಳೆಯದು. ಊರ ಬಸ್‌ಸ್ಟ್ಯಾಂಡಿನ ಜಲ್ಲಿಯ ಮೇಲೂ ರೈಲಿನ ಮೇಲ್ಸೇತುವೆಯ ಮೆಟ್ಟಿಲ ಮೇಲೂ ಗಾಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ನಮ್ಮ ಬಲೆ ಯಾವುದು, ನಮ್ಮ ಒಲೆಗಲ್ಲು ಯಾವುದು? ಬೆಂಗಳೂರಿನಲ್ಲಿ ಸಾಬೂನು, ಟೂತ್‌ಪೇಸ್ಟ್, ಕೊಡೆ, ಊಟ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ನಿಮ್ಮ ಕಣ್ಣಿನ ಚಸ್ಮಾ ಸಿಗುವುದಿಲ್ಲ. ದಿನದ ಬಿಪಿ ಗುಳಿಗೆ ಅದೇ ಹೆಸರಿನದು ಸಿಕ್ಕೀತೆಂದು ನಂಬುವಂತಿಲ್ಲ. ಸಂಘದ ಠರಾವಿನ ಮೂಲಪ್ರತಿ, ಅದರ ಮೇಲಿನ ಶಿಕ್ಕಾ, ಅಧ್ಯಕ್ಷರ ಸಹಿ ಅಂಕಲಗಿಯಲ್ಲಿ ಮಾತ್ರ ಸಿಗುವ ವಸ್ತುಗಳು. ಅವು ಮೊದಲು ಚೀಲಕ್ಕೆ ಇಳಿಯಲಿ, ಅದೂ ಹೊರಡುವ ದಿನವಲ್ಲ, ಎರಡು ದಿನ ಮುಂಚೆ. ಸಹಿ ಬೇಕಾದವರು ಆ ಸಂಜೆಯೇ ಲಗ್ನಕ್ಕೆ ಸಂಕೇಶ್ವರಕ್ಕೆ ಹೋಗಿರುವುದು ಉಂಟು. ಆಧಾರ್‌ನಂಥವು ಡಿಜಿಲಾಕರ್‌ನಲ್ಲಿದ್ದರೂ ಝೆರಾಕ್ಸ್ ಎರಡು ಪ್ರತಿ ಕೈಯಲ್ಲಿರಲಿ. ಮೊಬೈಲಿನ ಚಾರ್ಜು ಸಾಲಿನಲ್ಲಿ ನಿಂತಾಗಲೇ ಮುಗಿಯುವುದು.

ದಿನ ಗೊತ್ತು ಮಾಡುವುದೂ ಹೇರು ಕಟ್ಟುವುದರ ಮೊದಲ ಗಂಟೇ. ಎರಡನೆಯ ಶನಿವಾರದ ಜೊತೆಗೆ 2019ರಿಂದ ನಾಲ್ಕನೆಯ ಶನಿವಾರವೂ ರಾಜ್ಯದ ಸರಕಾರಿ ಕಚೇರಿಗಳಿಗೆ ಸೂಟಿ. ಸೋಮವಾರ ಬೆಳಿಗ್ಗೆ ಎಲ್ಲ ಕಡೆ ಮೀಟಿಂಗು. ಮಂಗಳವಾರ ಇಲ್ಲವೇ ಬುಧವಾರ ಬೆಂಗಳೂರಿನಲ್ಲಿ ಇಳಿದರೆ, ಕೆಲಸ ಉಳಿದರೂ ಮರುದಿನವೊಂದು ಕೈಯಲ್ಲಿರುತ್ತದೆ. ಹೊರಡುವ ಮುನ್ನ ಒಂದು ಫೋನು ಮಾಡಿ, ‘ಸಾಹೇಬ್ರು ಬುಧವಾರ ಇರ್ತಾರೇನ್ರೀ?’ ಎಂದು ಕೇಳಲು ಸಂಕೋಚವೇಕೆ? ಕುರಿಗಾರರು ಹೊಲದ ಮಾಲೀಕರನ್ನು ಕೇಳದೆ ಹಿಂಡು ಎಬ್ಬಿಸುವುದಿಲ್ಲ.

ಬಟ್ಟೆಯ ಮಾತು ಬೇಗ ಮುಗಿಯುತ್ತದೆ. ರಾತ್ರಿಗೆ ಮೈಮೇಲಿನದು, ಕಚೇರಿಗೆ ಇಸ್ತ್ರಿಯದೊಂದು ಜೊತೆ, ಮುಗಿಯಿತು. ಗೋಕಾಕದ ಕರದಂಟು ಒಯ್ಯುವುದಕ್ಕೆ ನನ್ನ ತಕರಾರಿಲ್ಲ. ಬೆಲ್ಲ, ಅಂಟು, ಒಣಹಣ್ಣಿನ ಆ ತಿನಿಸು ದಾರಿಯಲ್ಲಿ ಕೆಡುವುದಿಲ್ಲ, ಒಂದೆರಡು ತುಂಡಿಗೆ ಹಸಿವೂ ನಿಲ್ಲುತ್ತದೆ. ಬೆಳಗಾವಿಯ ಕುಂದಾ ಹಾಲಿನದು, ಬೇಸಿಗೆಯಲ್ಲಿ ಅದನ್ನು ಚೀಲದೊಳಗೆ ಬಹಳ ಹೊತ್ತು ಇಡಬಾರದು.

ಬೆಳಿಗ್ಗೆ ಗಾಡಿ ಇಳಿಯುವುದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ. ಚನ್ನಮ್ಮನ ಗಾಡಿ ರಾಯಣ್ಣನ ನಿಲ್ದಾಣ ಮುಟ್ಟುತ್ತದೆ. ನಮ್ಮ ಜಿಲ್ಲೆಯ ಆ ವೀರ ಕುರುಬರ ಮನೆಯಲ್ಲೇ ಹುಟ್ಟಿದವನು. ಆ ಹೆಸರಿನ ಕೆಳಗೆ ಮೊದಲ ಬಾರಿ ಇಳಿದು, ಯಾವ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ತಿಳಿಯದೆ ನಿಲ್ಲುವ ನಮ್ಮ ಹೆಣ್ಣುಮಕ್ಕಳು ನೆನಪಿಗೆ ಬರುತ್ತಾರೆ. ಸ್ವಸಹಾಯ ಸಂಘದ ರೊಟ್ಟಿ, ಹಿಂಡಿ, ಕೌದಿ ಹಿಡಿದು ಮೇಳಕ್ಕೆ ಹೋಗುವವರು ಅವರು. ಬಿಲ್ಲಿನ ಪುಸ್ತಕ, ಚಿಲ್ಲರೆ ಹಣ, ಸಂಘದ ಬ್ಯಾಂಕ್ ಪಾಸ್‌ಬುಕ್ಕು ಬೇಕಾಗುತ್ತದೆಂದು ಅವರಿಗೆ ಮುಂಚೆ ಹೇಳುವವರು ಯಾರು?

ಮುಂದೆ ಹೋಗಿ ಹೊಲ ನೋಡಿ ಬರುವ ಕೆಲಸ ಇಲ್ಲಿ ಊರಿನದಾಗಬೇಕು. ಪ್ರತಿ ಸೊಸೈಟಿಯಲ್ಲಿ, ಊರ ಗ್ರಂಥಾಲಯದಲ್ಲಿ ಒಂದು ರಿಜಿಸ್ಟರ್ ಇಡಲಿ. ಬೆಂಗಳೂರಿಗೋ ಪುಣೆಗೋ ಕೆಲಸದ ಮೇಲೆ ಹೋಗಿ ಬಂದವರು ಅದರಲ್ಲಿ ನಾಲ್ಕು ಸಾಲು ಬರೆಯಲಿ: ಯಾವ ಕಚೇರಿ, ಎಷ್ಟನೆಯ ಮಹಡಿ, ಯಾವ ಕಾಗದ ಕೇಳಿದರು, ಸ್ನಾನಕ್ಕೆ ಎಲ್ಲಿ ಜಾಗ ಸಿಕ್ಕಿತು, ನಿಲ್ದಾಣದಿಂದ ಯಾವ ಬಸ್ಸು. ನೂರು ಪುಟದ ನೋಟಬುಕ್ಕಿನ ಖರ್ಚು ಅಷ್ಟೇ. ಈ ಸಲ ಹೋಗಿ ಬಂದವರಿಂದಲೇ ಶುರುವಾಗಲಿ.