ಗೋಡೆಯ ಮರೆಯೂ ಗೋಲ್‌ಕೀಪರನ ಕಣ್ಣೂ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ಫುಟ್‌ಬಾಲ್ ನಾಕೌಟ್ ಪಂದ್ಯವು ಗೋಲಿಲ್ಲದೆ ಹೆಚ್ಚುವರಿ ಅವಧಿಯನ್ನು ಪ್ರವೇಶಿಸಿದ್ದಾಗ, ಕೇರಳದ ಆಟಗಾರರು ಚೆಂಡಿಗೆ ಅಡ್ಡಲಾಗಿ ಸಾಲುನಿಂತು ಇನ್ನೂ ಗೋಡೆ ಕಟ್ಟುವುದರಲ್ಲಿಯೇ ಮಗ್ನರಾಗಿರಲು, ಸುನಿಲ್ ಚೆಟ್ರಿಯವರು ಫ್ರೀ ಕಿಕ್ಕನ್ನು ತಡಮಾಡದೆ ಒದ್ದು ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲನ್ನು ಮಾನ್ಯಮಾಡಿದರು. ಕೇರಳ ತಂಡವು ಪ್ರತಿಭಟಿಸಿ ಮೈದಾನವನ್ನೇ ತೊರೆಯಿತು. ಅಂದಿನ ವಾಗ್ವಾದವು ಬಹುಮಟ್ಟಿಗೆ ರೆಫರಿಯ ತೀರ್ಪನ್ನು ಕುರಿತೇ ನಡೆಯಿತಾದರೂ, ಅದಕ್ಕಿಂತ ಹೆಚ್ಚು ವಿಚಾರಾರ್ಹವಾಗಿ ನನಗೆ ತೋರುವುದು ರಕ್ಷಣೆಯ ಪ್ರಶ್ನೆ.

ಗೋಡೆ ಕಟ್ಟಿಕೊಳ್ಳುವುದು ತಪ್ಪೆಸಗಿದ ಪಕ್ಷದ ಹಕ್ಕೆಂದು ಅನೇಕರು ಭಾವಿಸಿದ್ದಾರೆ. ನಿಯಮಾವಳಿಯಲ್ಲಿ ಅಂಥ ಹಕ್ಕು ಎಲ್ಲಿಯೂ ಉಕ್ತವಾಗಿಲ್ಲ. ನಿಯಮಾವಳಿ ಎದುರಾಳಿಗಳಿಗೆ ವಿಧಿಸುವುದು ಚೆಂಡಿನಿಂದ 9.15 ಮೀಟರ್ ದೂರ ಸರಿಯುವ ಕರ್ತವ್ಯವನ್ನು; ಫ್ರೀ ಕಿಕ್ ದೊರೆತ ತಂಡವಾದರೋ, ರೆಫರಿ ತಾವೇ ತಡೆದು ಸೀಟಿಗಾಗಿ ಕಾಯಲು ಹೇಳದ ಪಕ್ಷದಲ್ಲಿ, ಆ ಅಂತರವನ್ನು ಅಪೇಕ್ಷಿಸದೆ ತತ್‌ಕ್ಷಣವೇ ಒದೆಯಲು ಸ್ವತಂತ್ರವಾಗಿರುತ್ತದೆ.

ಗೋಡೆಯ ಉಪಯುಕ್ತತೆಯನ್ನು ನಾನು ಅಲ್ಲಗಳೆಯುವುದಿಲ್ಲ. 7.32 ಮೀಟರ್ ಅಗಲದ ಗೋಲನ್ನು ಒಬ್ಬನೇ ಕಾಯುವುದು ದುಸ್ಸಾಧ್ಯವಾದುದರಿಂದ, ಹತ್ತಿರದ ಕಂಬದ ಪಾರ್ಶ್ವವನ್ನು ಗೋಡೆಗೆ ಒಪ್ಪಿಸಿ ಉಳಿದುದನ್ನು ಗೋಲ್‌ಕೀಪರನು ವಹಿಸಿಕೊಳ್ಳುವುದು ಬಹುಕಾಲದಿಂದ ಬಂದ ವಿವೇಕಯುಕ್ತ ಕ್ರಮ. ಗೋಡೆಯು ಮೇಲಕ್ಕೆ ಜಿಗಿದಾಗ ಕಾಲಡಿಯಲ್ಲಿ ಚೆಂಡನ್ನು ನುಸುಳಿಸುವ ಜಾಣ್ಮೆಯನ್ನು ರೊನಾಲ್ಡಿನೊ 2006ರಲ್ಲಿ ವೆರ್ಡರ್ ಬ್ರೆಮೆನ್ ವಿರುದ್ಧ ತೋರಿಸಿದರಷ್ಟೆ. ಅದಕ್ಕೆ ಪ್ರತ್ಯುತ್ತರವೆಂಬಂತೆ 2018ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌ ಅಂಗಣದಲ್ಲಿ ಇಂಟರ್ ತಂಡದ ಬ್ರೊಜೊವಿಚ್ ಗೋಡೆಯ ಹಿಂದೆ ನೆಲದ ಮೇಲೆ ಅಡ್ಡಲಾಗಿ ಮಲಗಿ ಸುವಾರೆಜ್ ಒದ್ದ ಚೆಂಡನ್ನು ತಡೆದರು. ಈಗ ಅನೇಕ ತಂಡಗಳಲ್ಲಿ ಒಬ್ಬನು ಹಾಗೆ ಮಲಗುವುದು ವಾಡಿಕೆಯಾಗಿದೆ. ದಾಳಿಯ ತಂಡದವರು ಗೋಡೆಯೊಳಗೆ ನುಗ್ಗಿ ಗೋಲ್‌ಕೀಪರನ ದೃಷ್ಟಿಗೆ ಮರೆಯಾಗುವುದನ್ನು ತಪ್ಪಿಸಲು, ಮೂವರು ಅಥವಾ ಹೆಚ್ಚು ಮಂದಿಯ ಗೋಡೆಯಿಂದ ಅವರು ಒಂದು ಮೀಟರ್ ದೂರವಿರತಕ್ಕದ್ದೆಂದು 2019ರಲ್ಲಿ ನಿಯಮವೂ ಬಂದಿತು.

ಆದರೆ ಇಷ್ಟೆಲ್ಲ ಏರ್ಪಾಡಿಗೆ ತಗಲುವ ಕೆಲವು ಕ್ಷಣಗಳಲ್ಲಿ ಗೋಲನ್ನು ಕಾಯುವವರಾರು? ಗೋಲ್‌ಕೀಪರನು ಒಂದು ಕಂಬದ ಬಳಿಗೆ ಸರಿದು, ಕೈಸನ್ನೆಯಿಂದ ಗೋಡೆಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತ ನಿಂತಿರುವಷ್ಟು ಹೊತ್ತು ಗೋಲು ತೆರವಾಗಿಯೇ ಇರುತ್ತದೆ. ಗೋಡೆ ಸಿದ್ಧವಾದ ಮೇಲೂ ಅದು ಚೆಂಡಿಗೆ ಅಡ್ಡಿಯಾಗುವಂತೆ ಅವನ ಕಣ್ಣಿಗೂ ಅಡ್ಡಿಯಾಗುತ್ತದೆ. ಒದೆತದ ಆರಂಭವನ್ನು ಕಾಣದವನು ನೆಗೆಯಲು ತಡಮಾಡುವುದು ಸಹಜ. ಆದಕಾರಣ ಗೋಡೆಯನ್ನು ಸಾಲುಗೊಳಿಸುವ ಕಾರ್ಯವನ್ನು ರಕ್ಷಣಾ ಆಟಗಾರನೊಬ್ಬನಿಗೆ ವಹಿಸುವುದೂ, ಎಷ್ಟು ಮಂದಿ ಎಲ್ಲಿ ನಿಲ್ಲಬೇಕೆಂಬುದನ್ನು ಅಭ್ಯಾಸಕಾಲದಲ್ಲಿಯೇ ನಿಶ್ಚಯಿಸಿಕೊಳ್ಳುವುದೂ ಉಚಿತವೆಂದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ರಾಜ್ಯದ ಶಾಲೆಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಎಳೆಯರನ್ನು ತರಬೇತುಗೊಳಿಸುವವರು, ಗೋಡೆ ಕಟ್ಟುವ ಕ್ರಮವನ್ನು ಕಲಿಸುವುದಕ್ಕೆ ಮುನ್ನ, ತಪ್ಪನ್ನು ಸಾರುವ ರೆಫರಿಯ ಸೀಟಿ ಕೇಳಿದೊಡನೆ ಗೋಲಿನ ನಡುವಿಗೆ ಮರಳಿ ಚೆಂಡಿನ ಮೇಲೆ ದೃಷ್ಟಿ ನೆಡುವುದನ್ನು ಗೋಲ್‌ಕೀಪರನಿಗೆ ಕಲಿಸಬೇಕೆಂದು ಪ್ರಾರ್ಥಿಸುತ್ತೇನೆ.