ಒಂದೇ ತಟ್ಟೆ, ಬೇರೆ ಬೇರೆ ಹೊಟ್ಟೆ

 

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ವಿಸ್ತರಿಸಿ ಬರೆದು ನಾವೆಲ್ಲ ಅಂಕ ತಗೊಂಡಿದ್ದೇವೆ. ಆದರೆ ಯಾರಿಗೆ ಯಾವ ಊಟ ಅಂತ ಗಾದೆ ಹೇಳೋದಿಲ್ಲ. ಸಮತೋಲನ ಆಹಾರದ ಚಿತ್ರಪಟದಲ್ಲೂ ಇರುವುದು ಒಂದೇ ತಟ್ಟೆ. ಚಿತ್ರ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಒಂದೇ ತಟ್ಟೆ ಎಲ್ಲರಿಗೂ ಒಗ್ಗುತ್ತೆ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಮೊದಲು ಹಾಲಿನ ವಿಷಯ. ಕ್ಷೀರಭಾಗ್ಯ ಯೋಜನೆ ಶುರುವಾಗಿದ್ದು 2013ರ ಆಗಸ್ಟ್ 1ರಂದು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬರುವವರಿಗೆ ಆ ಒಂದು ಲೋಟ ಹಾಲು ದೊಡ್ಡ ಆಸರೆ. ಆದರೆ ನಮ್ಮಲ್ಲೇ ಕೆಲವರಿಗೆ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ಗುಡುಗುಡು, ಒಮ್ಮೊಮ್ಮೆ ಭೇದಿ. "ಏನ್ ನಾಟಕ ಆಡ್ತಾಳೆ ನೋಡ್ರೋ" ಅಂತ ಹಿಂದಿನ ಬೆಂಚಿನವರು ನಗುತ್ತಾರೆ. ನಾಟಕ ಅಲ್ಲ ಅದು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಗೂಸಿನಲ್ಲಿ ಅದು ಸಾಕಷ್ಟಿರುತ್ತದೆ, ಬೆಳೆದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಹುಳಿತು ಗ್ಯಾಸ್ ಆಗುತ್ತದೆ. ಇಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತೆ, ಏಕೆಂದರೆ ಹೆಪ್ಪು ಹಾಕಿದಾಗಲೇ ಆ ಸಕ್ಕರೆಯ ಒಂದು ಪಾಲು ಹುಳಿಯಾಗಿರುತ್ತೆ. ಅರ್ಧ ಲೋಟ ಹಾಲನ್ನು ಊಟದ ಜೊತೆ ಕುಡಿದರೆ ಏನೂ ಆಗದವರೂ ಇದ್ದಾರೆ. ಹಾಲು ಬಿಟ್ಟರೆ ಕ್ಯಾಲ್ಸಿಯಂಗೆ ಏನು ಗತಿ ಅಂತ ಕೇಳಬಹುದು. 100 ಗ್ರಾಂ ಹಾಲಿನಲ್ಲಿ ಅದು ಸುಮಾರು 120 ಮಿಲಿಗ್ರಾಂ, 100 ಗ್ರಾಂ ರಾಗಿಯಲ್ಲಿ ಸುಮಾರು 350. ರಾಗಿಯದು ಪೂರ್ತಿ ಮೈಗೆ ಹತ್ತಲ್ಲ, ಆದರೂ ಕಡಿಮೆಯೇನಲ್ಲ.

ಹಾಗಂತ ರಾಗಿಯೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಆಗೋದಿಲ್ಲ. ನಮ್ಮಜ್ಜಿಗೆ ಸಕ್ಕರೆ ಕಾಯಿಲೆ. "ಅನ್ನ ಬುಡವ್ವ, ಮುದ್ದೆ ಉಣ್ಣು" ಅಂತ ಯಾರೋ ಹೇಳಿದರು. ಅಜ್ಜಿ ಎರಡೆರಡು ದೊಡ್ಡ ಮುದ್ದೆ ಉಂಡರು, ಸಕ್ಕರೆ ಇಳಿಯಲೇ ಇಲ್ಲ. ಆಸ್ಪತ್ರೆಯ ನರ್ಸಮ್ಮ, "ಮುದ್ದೇನೂ ಹಿಟ್ಟೇ ಅಲ್ವಾ ಅಜ್ಜಿ? ಚಿಕ್ಕದೊಂದು ಸಾಕು, ಸೊಪ್ಪು ಕಾಳು ಜಾಸ್ತಿ ಹಾಕ್ಕೊಳ್ಳಿ" ಅಂದರು. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಂ" ಅನ್ನುವುದು ಬೆಟ್ಟ ಕೀಳುವವರಿಗೆ ಸರಿ. ಗದ್ದೆಯಲ್ಲಿ ದುಡಿಯುವ ನಮ್ಮಪ್ಪನಿಗೆ ಎರಡು ಮುದ್ದೆ ಸಂಜೆಯೊಳಗೆ ಕರಗುತ್ತೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸೋರು!

ಇನ್ನು ನಮ್ಮ ಹುಡುಗಿಯರ ವಿಷಯ. ನಿಜ ಹೇಳಬೇಕೆಂದರೆ ಇದಕ್ಕಾಗಿಯೇ ನಾನು ಬರೆಯಲು ಕೂತಿದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಂತೆ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹುಡುಗಿಗೆ 30. ತಿಂಗಳು ತಿಂಗಳು ರಕ್ತ ಹೋಗುವುದರಿಂದ ನಮಗೆ ಹೆಚ್ಚು ಬೇಕು. (ಪಾಠದಲ್ಲೇ ಇರುವುದನ್ನು ಬರೆಯಲು ನಾಚಿಕೆ ಯಾಕೆ?) 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇತ್ತು, ಹುಡುಗರಲ್ಲಿ 31. ಹೆಚ್ಚು ಬೇಕಾದವರಿಗೆ ಮೊದಲು ಬಡಿಸಬೇಕು ತಾನೇ? ಎಷ್ಟೋ ಮನೆಗಳಲ್ಲಿ ಗಂಡಸರು ಉಂಡ ಮೇಲೆ ಅಮ್ಮ, ಅಕ್ಕ ಉಣ್ಣುವುದು. ಅಷ್ಟೊತ್ತಿಗೆ ಕಾಳೆಲ್ಲ ಖಾಲಿ, ಪಾತ್ರೆಯಲ್ಲಿ ಬರೀ ತಿಳಿ. ಇದಕ್ಕೆ ದುಡ್ಡು ಬೇಕಿಲ್ಲ, ಬಡಿಸುವ ಸರದಿ ಬದಲಾದರೆ ಸಾಕು. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತೆ. ಉಂಡ ಕೂಡಲೇ ಟೀ ಕುಡಿದರೆ ಹತ್ತೋದಿಲ್ಲ. ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಗೆಳತಿಯರೇ, ಊಟ ಆದ ಮೇಲೆ ನುಂಗಿ ನೋಡಿ, ವಾಕರಿಕೆ ಕಡಿಮೆ ಇರುತ್ತೆ.

"ನಂಗೆ ಒಗ್ಗಲ್ಲ" ಅನ್ನೋದನ್ನೇ ನೆಪ ಮಾಡಿಕೊಳ್ಳುವವರೂ ಇದ್ದಾರೆ. ಬದನೆಕಾಯಿ ಒಗ್ಗಲ್ಲ, ಸೊಪ್ಪು ಒಗ್ಗಲ್ಲ, ಅಂಗಡಿಯ ಐದು ರೂಪಾಯಿ ಕುರುಕಲು ಮಾತ್ರ ಚೆನ್ನಾಗಿ ಒಗ್ಗುತ್ತೆ! ನಿಜವಾಗಿ ಒಗ್ಗುತ್ತೋ ಇಲ್ಲವೋ ತಿಳಿಯಬೇಕಾದರೆ ಎರಡು ವಾರ ಏನು ತಿಂದೆ, ಆಮೇಲೆ ಹೇಗಿತ್ತು ಅಂತ ರಫ್ ನೋಟ್‌ಬುಕ್ಕಿನ ಹಿಂದೆ ಬರೆಯಿರಿ. ಅನುಮಾನ ಇರುವುದನ್ನು ಕೆಲವು ದಿನ ಬಿಟ್ಟು, ಮತ್ತೆ ಸ್ವಲ್ಪ ತಿಂದು ನೋಡಿ. ತೊಂದರೆ ಜೋರಾಗಿದ್ದರೆ ಡಾಕ್ಟರಿಗೆ ತೋರಿಸಿ.

ಮೊಟ್ಟೆ ಬೇಡ ಅನ್ನುವವರಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುವ ಪದ್ಧತಿ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ 1 ಗ್ರಾಂ ಅಷ್ಟೇ. ಹಣ್ಣು ತಗೊಳ್ಳುವವರು ಸಾಂಬಾರಿನ ಬೇಳೆಯನ್ನು ಬಿಡದೆ ತಿನ್ನಬೇಕು. ಅದೇನೇ ಇರಲಿ, ಮೊಟ್ಟೆಗೆ ಬೇಕು ಬೇಡ ಅಂತ ಕೇಳುವಾಗ ಹಾಲಿಗೆ ಯಾಕೆ ಕೇಳಬಾರದು? ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಹಾಲು ಒಗ್ಗದವರು ಯಾರು ಅಂತ ಹಾಜರಿ ಕೂಗಿದ ಹಾಗೆ ಎಲ್ಲರ ಮುಂದೆ ಕೇಳಬೇಡಿ, ಯಾರೂ ಕೈ ಎತ್ತಲ್ಲ. ಚೀಟಿಯಲ್ಲಿ ಬರೆಸಿಕೊಳ್ಳಿ. ಅವರಿಗೆ ಅರ್ಧ ಲೋಟ ಮಾತ್ರ ಕೊಡಿ, ಅದನ್ನೂ ಮಧ್ಯಾಹ್ನದ ಊಟದ ಜೊತೆ ಕುಡಿಯಲು ಬಿಡಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ